ದಾಂಪತ್ಯದಲ್ಲಿ ಅಪಾನವಾಯು: ತಡೆಯಬೇಕಾದದ್ದು, ತಡೆಯಬಾರದ್ದು

ಮನುಷ್ಯನ ದೇಹದಿಂದ ಹೊರಬೀಳುವ ಗಾಳಿಗಳಲ್ಲಿ ಬಹುಪಾಲಿಗೆ ಕನ್ನಡದ ಮನೆಗಳು ಒಂದೊಂದು ಮರ್ಯಾದೆಯನ್ನು ಗೊತ್ತುಮಾಡಿವೆ: ಮಗು ಸೀನಿದರೆ ಹಿರಿಯರು ನೂರು ವರ್ಷ ಬಾಳೆಂದು ಹರಸುತ್ತಾರೆ, ಆಕಳಿಸುವವರು ಬಾಯಿಯ ಮುಂದೆ ಚಿಟಿಕೆ ಹೊಡೆಯುತ್ತಾರೆ, ಉಂಡವರು ತೇಗಿದರೆ ಬಡಿಸಿದವರಿಗೆ ಅಡುಗೆ ಒಪ್ಪಿತೆಂಬ ಸಮಾಧಾನವಾಗುತ್ತದೆ, ಬಿಕ್ಕಳಿಕೆ ಬಂದರೆ ಯಾರೋ ನೆನೆಸಿಕೊಳ್ಳುತ್ತಿದ್ದಾರೆಂಬ ಮಾತು ಸಿದ್ಧವಾಗಿರುತ್ತದೆ. ಕೆಳಮುಖವಾಗಿ ಹೊರಡುವ ಒಂದೇ ಒಂದು ಗಾಳಿಗೆ ಮಾತ್ರ ಹರಕೆಯೂ ಇಲ್ಲ, ಚಿಟಿಕೆಯೂ ಇಲ್ಲ, ನೆನೆಸಿಕೊಂಡವರೂ ಇಲ್ಲ. ಅದು ಬಂದಾಗ ಹೇಗೆ ವರ್ತಿಸಬೇಕೆಂಬುದನ್ನು ಯಾವ ಹಿರಿಯರೂ ಹೇಳಿಕೊಡದಿರುವುದರಿಂದ, ಹೊಸದಾಗಿ ಸಂಸಾರ ಹೂಡಿದ ಗಂಡಹೆಂಡಿರು ಆ ಶಿಷ್ಟಾಚಾರವನ್ನು ತಾವೇ ರೂಪಿಸಿಕೊಳ್ಳಬೇಕಾಗುತ್ತದೆ. ಈ ವಿಷಯವನ್ನು ಚರ್ಚಿಸಲು ಬಾನುಲಿಯಷ್ಟು ಅನುಕೂಲವಾದ ಮಾಧ್ಯಮ ಮತ್ತೊಂದಿಲ್ಲ, ಏಕೆಂದರೆ ಅದರಲ್ಲಿ ಶಬ್ದ ಮಾತ್ರ ಸಾಗುತ್ತದೆ, ವಾಸನೆ ಸಾಗುವುದಿಲ್ಲ.

ಜನ ಇದನ್ನು ಹೂಸು ಎನ್ನುತ್ತಾರೆ, ಸಭ್ಯರ ನಡುವೆ ವಾಯು ಎನ್ನುತ್ತಾರೆ, ಪೇಟೆಯಲ್ಲಿ ಗ್ಯಾಸು ಎನ್ನುತ್ತಾರೆ. ವೈದ್ಯಗ್ರಂಥಗಳಲ್ಲಿ ಇದಕ್ಕೆ ಅಪಾನವಾಯು ಅಥವಾ ಅಧೋವಾಯು ಎಂಬ ಹೆಸರಿದೆ. ಆಯುರ್ವೇದವು ದೇಹದ ಚಲನೆಗಳಿಗೆಲ್ಲ ಕಾರಣವಾದ ವಾತವನ್ನು ಪ್ರಾಣ, ಉದಾನ, ಸಮಾನ, ವ್ಯಾನ, ಅಪಾನ ಎಂದು ಐದಾಗಿ ವಿಂಗಡಿಸಿ, ಹೊಟ್ಟೆಯ ಕೆಳಭಾಗದಲ್ಲಿ ನೆಲಸಿ ಮಲಮೂತ್ರಾದಿಗಳನ್ನು ಹೊರಗೆ ಸಾಗಿಸುವ ಹೊಣೆಯನ್ನು ಅಪಾನಕ್ಕೆ ವಹಿಸುತ್ತದೆ. ತಾಯಿಯ ಗರ್ಭದಿಂದ ಮಗುವನ್ನು ಹೊರತರುವ ಕೆಲಸವೂ ಇದೇ ಅಪಾನದ್ದೆಂದು ಶಾಸ್ತ್ರ ಹೇಳುವುದನ್ನು ಗಮನಿಸಿದರೆ, ಮೂಗು ಮುಚ್ಚಿಕೊಳ್ಳುವವರು ತಾವು ಈ ಲೋಕಕ್ಕೆ ಬಂದದ್ದೂ ಅದೇ ವಾಯುವಿನ ಕೃಪೆಯಿಂದ ಎಂಬುದನ್ನು ಒಪ್ಪಬೇಕಾಗುತ್ತದೆ.

ಈ ಗಾಳಿ ಹುಟ್ಟುವ ಬಗೆಯನ್ನು ಆಧುನಿಕ ಶರೀರವಿಜ್ಞಾನ ಸಾಕಷ್ಟು ಸ್ಪಷ್ಟವಾಗಿ ತಿಳಿಸಿದೆ. ಒಂದು ಪಾಲು ಊಟದ ಜೊತೆಗೆ ಬಾಯಿಯಿಂದಲೇ ಒಳಗೆ ಹೋದ ಗಾಳಿ. ಗಬಗಬನೆ ತಿನ್ನುವವರು, ತುತ್ತು ಬಾಯಲ್ಲಿರುವಾಗಲೇ ಮಾತಾಡುವವರು, ಸೋಡಾ ಕುಡಿಯುವವರು ಇದನ್ನು ಹೆಚ್ಚಾಗಿ ನುಂಗುತ್ತಾರೆ, ಅದರಲ್ಲಿ ಬಹುಭಾಗ ತೇಗಾಗಿ ಮೇಲಿನಿಂದಲೇ ಮರಳುತ್ತದೆ. ಇನ್ನೊಂದು ಪಾಲು ದೊಡ್ಡಕರುಳಿನಲ್ಲಿ ಹುಟ್ಟುವಂಥದು: ಸಣ್ಣಕರುಳು ಜೀರ್ಣಿಸಲಾರದೆ ಬಿಟ್ಟ ಪಿಷ್ಟ, ಸಕ್ಕರೆ ಮತ್ತು ನಾರಿನ ಅಂಶಗಳನ್ನು ಅಲ್ಲಿರುವ ಅಸಂಖ್ಯ ಬ್ಯಾಕ್ಟೀರಿಯಾಗಳು ಹುದುಗಿಸಿದಾಗ ಜಲಜನಕ, ಇಂಗಾಲದ ಡೈಆಕ್ಸೈಡ್ ಮತ್ತು ಕೆಲವರಲ್ಲಿ ಮೀಥೇನ್ ಬಿಡುಗಡೆಯಾಗುತ್ತವೆ. ಆರೋಗ್ಯವಂತರು ದಿನಕ್ಕೆ ಸಾಮಾನ್ಯವಾಗಿ 10ರಿಂದ 20 ಸಲ, ಒಟ್ಟು ಅರ್ಧ ಲೀಟರಿನಿಂದ ಒಂದೂವರೆ ಲೀಟರಿನಷ್ಟು ಗಾಳಿಯನ್ನು ಹೊರಹಾಕುತ್ತಾರೆ. ಆದ್ದರಿಂದ ತಾನು ಬಿಡುವುದೇ ಇಲ್ಲವೆನ್ನುವವರ ಮಾತನ್ನು ನಂಬಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ 1991ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ರಾತ್ರಿ ನಿದ್ರೆಯ ಹೊತ್ತಿನಲ್ಲಿ ಗಾಳಿ ಉತ್ಪತ್ತಿಯಾಗುವ ವೇಗ ಹಗಲಿನ ಅರ್ಧದಷ್ಟೇ ಇರುವುದು ಕಂಡುಬಂತು. ರಾತ್ರಿಯಿಡೀ ಇವರದು ಇದೇ ಕಥೆ ಎಂದು ದೂರುವ ಸಂಗಾತಿಗೆ ಈ ಅಂಕಿ ಒಪ್ಪಿಗೆಯಾಗಲಾರದು, ಆದರೆ ಆ ದೂರಿಗೂ ಆಧಾರವಿಲ್ಲದಿಲ್ಲ: ಹಗಲಿನಲ್ಲಿ ಗಾಳಿ ಬಯಲಿಗೆ ಸೇರುತ್ತದೆ, ರಾತ್ರಿಯಲ್ಲಿ ಅದು ಇಬ್ಬರಿಗೂ ಸೇರಿದ ಒಂದೇ ರಗ್ಗಿನೊಳಗೆ ಉಳಿಯುತ್ತದೆ.

ಮೇಲೆ ಹೇಳಿದ ಅನಿಲಗಳಿಗೆ ವಾಸನೆಯೇ ಇಲ್ಲವೆಂಬುದು ಈ ವಿಷಯದಲ್ಲಿ ಬಹಳ ಮುಖ್ಯವಾದ ಸಂಗತಿ. ಹೊರಬರುವ ಗಾಳಿಯಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ನಿರ್ಗಂಧವಾಗಿದ್ದು, ಅತಿ ಅಲ್ಪ ಪ್ರಮಾಣದಲ್ಲಿರುವ ಗಂಧಕದ ಸಂಯುಕ್ತಗಳು, ಅದರಲ್ಲೂ ಕೊಳೆತ ಮೊಟ್ಟೆಯ ನಾತಕ್ಕೆ ಕಾರಣವಾದ ಹೈಡ್ರೋಜನ್ ಸಲ್ಫೈಡ್, ಇಡೀ ಕೀರ್ತಿಯನ್ನು ಪಡೆದುಕೊಳ್ಳುತ್ತವೆ. ಕರ್ನಾಟಕದ ಶಾಲಾಮಕ್ಕಳ ನಾಲಗೆಯ ಮೇಲೆ ತಲೆಮಾರುಗಳಿಂದ ಓಡಾಡಿಕೊಂಡಿರುವ ಒಂದು ಅಣಕು ಸಂಸ್ಕೃತ ಶ್ಲೋಕವು ಅಬ್ಬರದ ಸದ್ದಿಗೆ ಹೆದರಬೇಕಾಗಿಲ್ಲವೆಂದೂ ನಿಶ್ಶಬ್ದವಾಗಿ ಬರುವುದೇ ಪ್ರಾಣಸಂಕಟವೆಂದೂ ಸಾರುತ್ತದೆ. ಸದ್ದು ಹುಟ್ಟುವುದು ಗುದದ್ವಾರದ ಸ್ನಾಯುಗಳ ಬಿಗಿತ ಮತ್ತು ಹೊರನುಗ್ಗುವ ಗಾಳಿಯ ಪ್ರಮಾಣ, ಒತ್ತಡಗಳಿಂದ; ಗಾಳಿ ಹೆಚ್ಚಾದಷ್ಟೂ ಅದರಲ್ಲಿ ನಿರ್ಗಂಧದ ಪಾಲು ಹೆಚ್ಚಿರುವ ಸಾಧ್ಯತೆಯುಂಟು, ಅಲ್ಪ ಗಾಳಿಯಲ್ಲಿ ಗಂಧಕ ಸಾಂದ್ರವಾಗಿರುವ ಸಾಧ್ಯತೆಯುಂಟು. ಹೀಗಾಗಿ ಆ ಅಜ್ಞಾತ ಕವಿಯ ಮಾತು ನಿಯಮವಲ್ಲದಿದ್ದರೂ ತೀರಾ ನಿರಾಧಾರವಲ್ಲ, ಮತ್ತು ಅನೇಕ ಗಂಭೀರ ಶ್ಲೋಕಗಳಿಗೆ ಸಿಗದ ಪ್ರಾಯೋಗಿಕ ಬೆಂಬಲ ಅದಕ್ಕೆ ದಿನವೂ ಸಿಗುತ್ತಿರುತ್ತದೆ.

ಗಂಡಸರದೇ ಹೆಚ್ಚು, ಹೆಂಗಸರದು ಇಲ್ಲವೇ ಇಲ್ಲ ಎಂಬ ನಂಬಿಕೆಯನ್ನೂ ಪ್ರಯೋಗಾಲಯ ಪರೀಕ್ಷಿಸಿದೆ. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಕರುಳಿನ ಅನಿಲಗಳ ಸಂಶೋಧನೆಗೆ ಬಹುಕಾಲ ದುಡಿದ ವೈದ್ಯ ಮೈಕೆಲ್ ಲೆವಿಟ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹುರುಳಿಕಾಯಿ ಜಾತಿಯ ಕಾಳು ತಿಂದ 16 ಮಂದಿ ಆರೋಗ್ಯವಂತರ ಗಾಳಿಯನ್ನು ಸಂಗ್ರಹಿಸಿ, ವಾಸನೆಯ ತೀಕ್ಷ್ಣತೆಯನ್ನು ಅಳೆಯಲು ಇಬ್ಬರು ತೀರ್ಪುಗಾರರನ್ನು ನೇಮಿಸಲಾಗಿತ್ತು. ವಿಜ್ಞಾನದ ಮುನ್ನಡೆಗಾಗಿ ತ್ಯಾಗ ಮಾಡಿದವರ ಪಟ್ಟಿಯಲ್ಲಿ ಆ ಇಬ್ಬರ ಹೆಸರು ಸೇರದಿರುವುದು ಅನ್ಯಾಯವೇ ಸರಿ. ಹೆಂಗಸರ ಗಾಳಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಹೆಚ್ಚು ಸಾಂದ್ರವಾಗಿತ್ತು, ಗಂಡಸರು ಒಮ್ಮೆಗೆ ಬಿಡುವ ಗಾಳಿಯ ಪ್ರಮಾಣ ಹೆಚ್ಚಾಗಿತ್ತು, ಒಟ್ಟು ಲೆಕ್ಕ ಹಾಕಿದರೆ ಎರಡೂ ಕಡೆ ಸರಿಸಮವಾಗಿತ್ತು. ಪ್ರಕೃತಿ ಇಷ್ಟು ನ್ಯಾಯವಾಗಿ ಹಂಚಿದ್ದನ್ನು ಮನೆತನಗಳು ಅಷ್ಟು ನ್ಯಾಯವಾಗಿ ಹಂಚಿಲ್ಲ.

ಕಾರಣವನ್ನು ಹುಡುಕುವವರು ಮೊದಲು ಹೋಗಬೇಕಾದದ್ದು ಅಡುಗೆಮನೆಗೆ. ಕಾಳುಗಳಲ್ಲಿ ರ‍್ಯಾಫಿನೋಸ್, ಸ್ಟಾಕಿಯೋಸ್ ಎಂಬ ಸಂಯುಕ್ತ ಸಕ್ಕರೆಗಳಿವೆ. ಇವನ್ನು ಒಡೆಯುವ ಕಿಣ್ವ, ಎಂದರೆ ಜೀರ್ಣಕ್ರಿಯೆಯನ್ನು ನಡೆಸುವ ರಾಸಾಯನಿಕ, ಮನುಷ್ಯನ ಸಣ್ಣಕರುಳಿನಲ್ಲಿ ಇಲ್ಲದ ಕಾರಣ ಅವು ಹಾಗೆಯೇ ದೊಡ್ಡಕರುಳನ್ನು ತಲುಪಿ ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಹಬ್ಬದೂಟವಾಗುತ್ತವೆ. ಹಳೆಯ ಮೈಸೂರಿನ ಸೀಮೆಯಲ್ಲಿ ಮಾರ್ಗಶಿರ, ಪುಷ್ಯಗಳ ಚಳಿಗೆ ಸೊಗಡಿನ ಅವರೆಕಾಯಿ ಬಂದಾಗ ಉಪ್ಪಿಟ್ಟಿನಿಂದ ಹಿಡಿದು ಸಾರಿನವರೆಗೆ, ಅಕ್ಕಿರೊಟ್ಟಿಯಿಂದ ಹಿಡಿದು ಹುರಿದ ಅವರೆಬೇಳೆಯವರೆಗೆ ಎಲ್ಲದರಲ್ಲೂ ಅವರೆಯೇ ತುಂಬಿರುತ್ತದೆ. ಬೆಂಗಳೂರಿನಲ್ಲಿ ಅದಕ್ಕೆಂದೇ ಅವರೆಬೇಳೆ ಮೇಳ ನಡೆಯುತ್ತದೆ. ಅದೇ ಚಳಿಗೆ ಕಿಟಕಿಗಳೆಲ್ಲ ಮುಚ್ಚಿ ರಗ್ಗುಗಳು ಹೊರಬರುವುದು ಋತುಮಾನದ ಕ್ರೂರ ಕಾಕತಾಳೀಯ. ಹುರುಳಿ, ಅಲಸಂದೆ, ಕಡಲೆ, ಉತ್ತರ ಕರ್ನಾಟಕದ ಮಡಿಕೆಕಾಳು ಮತ್ತು ಕಡಲೆಹಿಟ್ಟಿನ ಜುಣಕ, ಮಲೆನಾಡು ಕರಾವಳಿಗಳ ಹಲಸು, ಎಲ್ಲ ಕಡೆಯ ಎಲೆಕೋಸು, ಮೂಲಂಗಿ, ಈರುಳ್ಳಿಗಳು ಈ ವಿಷಯದಲ್ಲಿ ಪ್ರಾಂತಭೇದಕ್ಕೆ ಎಡೆಗೊಡುವುದಿಲ್ಲ. ಕೋಸು ಮೂಲಂಗಿಗಳು ಗಂಧಕವನ್ನೂ ಜೊತೆಗೆ ಒದಗಿಸುವುದರಿಂದ ಅವುಗಳ ಕೊಡುಗೆ ದನಿಗಿಂತ ಸುವಾಸನೆಯಲ್ಲಿ ಎದ್ದು ಕಾಣುತ್ತದೆ.

ಮನೆಯ ಹಿರಿಯ ಹೆಂಗಸರು ಇದನ್ನು ರಸಾಯನಶಾಸ್ತ್ರದ ನೆರವಿಲ್ಲದೆ ಅರಿತಿದ್ದರು. ರಾತ್ರಿ ನೆನೆಹಾಕಿದ ಕಾಳಿನ ನೀರನ್ನು ಬೆಳಿಗ್ಗೆ ಬಸಿದು ಚೆಲ್ಲಿ ಹೊಸ ನೀರಿನಲ್ಲಿ ಬೇಯಿಸಿದರೆ ಆ ಸಕ್ಕರೆಗಳ ಒಂದು ಭಾಗ ನೀರಿನೊಡನೆಯೇ ಹೊರಟುಹೋಗುತ್ತದೆ. ಮೊಳಕೆ ಬರಿಸಿದರೆ ಮೊಳೆಯುವ ಕಾಳೇ ಅದನ್ನು ತನ್ನ ಬೆಳವಣಿಗೆಗೆ ಬಳಸಿಕೊಳ್ಳುತ್ತದೆ. ಹಿದುಕಿದ ಬೇಳೆಗೆಂದು ನೆಂದ ಅವರೆಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತಿ ಬೇಳೆಯನ್ನು ಚಿಮ್ಮಿಸಿ ಸಿಪ್ಪೆಯನ್ನು ತೆಗೆದುಹಾಕಿದಾಗ ನಾರಿನ ಭಾರವೂ ಕಡಿಮೆಯಾಗುತ್ತದೆ. ಸಂಜೆಯ ಹೊತ್ತು ಟಿವಿಯ ಮುಂದೆ ದೊಡ್ಡ ತಟ್ಟೆಯಿಟ್ಟುಕೊಂಡು ಗಂಡಹೆಂಡಿರಿಬ್ಬರೂ ಸೇರಿ ಬೇಳೆ ಹಿದುಕುವ ಮನೆಗಳಲ್ಲಿ, ನಾಳೆಯ ರಾತ್ರಿಯ ಶಾಂತಿಗೆ ಇಬ್ಬರೂ ಕೈಜೋಡಿಸಿದಂತಾಗುತ್ತದೆ. ಉದ್ದಿನ ಹಿಟ್ಟನ್ನು ರಾತ್ರಿಯಿಡೀ ಹುಳಿಬರಿಸಿ ಇಡ್ಲಿ ಮಾಡುವ ಕ್ರಮದಲ್ಲಿಯೂ ಇದೇ ವಿವೇಕವಿದೆ: ಬ್ಯಾಕ್ಟೀರಿಯಾ ಕರುಳಿನೊಳಗೆ ಮಾಡಬೇಕಾಗಿದ್ದ ಕೆಲಸದ ಒಂದಂಶವನ್ನು ಪಾತ್ರೆಯೊಳಗೇ ಮಾಡಿ ಮುಗಿಸುತ್ತದೆ, ಹಿಟ್ಟು ಉಬ್ಬುತ್ತದೆ, ಹೊಟ್ಟೆ ಅಷ್ಟಾಗಿ ಉಬ್ಬುವುದಿಲ್ಲ.

ಒಗ್ಗರಣೆಗೆ ಇಂಗು, ಊಟದ ಕೊನೆಗೆ ಶುಂಠಿ ಕರಿಬೇವು ಹಾಕಿದ ನೀರುಮಜ್ಜಿಗೆ, ಮಲಗುವ ಮುನ್ನ ಓಮದ ಕಾಳು ಅಥವಾ ಜೀರಿಗೆಯ ಕಷಾಯ ಎಂಬ ರೂಢಿಗಳೂ ಅನುಭವದಿಂದ ಬಂದವೇ. ಆಯುರ್ವೇದದ ಹಿಂಗ್ವಾಷ್ಟಕ ಚೂರ್ಣವು ಹೆಸರೇ ಹೇಳುವಂತೆ ಇಂಗು ಮೊದಲಾದ ಎಂಟು ದ್ರವ್ಯಗಳ ಪುಡಿ. ಶುಂಠಿ, ಮೆಣಸು, ಹಿಪ್ಪಲಿ, ಎರಡು ಬಗೆಯ ಜೀರಿಗೆ, ಓಮದ ಜಾತಿಯ ಅಜಮೋದ, ಸೈಂಧವ ಲವಣ ಇವು ಉಳಿದ ಏಳು. ಇದನ್ನು ತುಪ್ಪದೊಡನೆ ಅನ್ನದ ಮೊದಲ ತುತ್ತಿಗೆ ಕಲಸಿ ತಿನ್ನಬೇಕೆಂದು ವಿಧಿ. ಇಂಗಿನ ವಿಷಯದಲ್ಲಿ ಒಂದು ವಿನೋದವಿದೆ: ಇರಾನ್, ಅಫ್ಘಾನಿಸ್ತಾನಗಳ ಒಣಭೂಮಿಯಲ್ಲಿ ಬೆಳೆಯುವ ಗಿಡದ ಬೇರಿನಿಂದ ಒಸರುವ ಈ ಅಂಟಿನ ಘಾಟಿಗೂ ಕಾರಣ ಗಂಧಕದ ಸಂಯುಕ್ತಗಳೇ. ಮುಚ್ಚಳ ತೆಗೆದೊಡನೆ ಮನೆಯನ್ನೆಲ್ಲ ಆವರಿಸುವ ಒಂದು ವಾಸನೆಯನ್ನು ನೆಚ್ಚಿಕೊಂಡು ಇನ್ನೊಂದನ್ನು ಓಡಿಸುವ ಈ ಉಪಾಯವನ್ನು ಕನ್ನಡಿಗರು ಎಂದೂ ವಿಚಿತ್ರವೆಂದು ಭಾವಿಸಿಲ್ಲ.

ಇಷ್ಟೆಲ್ಲ ಮಾಡಿದರೂ ವಾಯು ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಚರಕ ಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯಕ್ಕೆ 'ನವೇಗಾನ್ಧಾರಣೀಯ' ಎಂದು ಹೆಸರು; ವೇಗವೆಂದರೆ ದೇಹದಲ್ಲಿ ತಾನಾಗಿ ಏಳುವ ಒತ್ತಡ, ಅಂಥವನ್ನು ತಡೆಯಬಾರದೆಂಬುದು ಆ ಅಧ್ಯಾಯದ ವಿಷಯ. ಮೂತ್ರ, ಮಲ, ಸೀನು, ತೇಗು, ಆಕಳಿಕೆ, ಹಸಿವು, ನೀರಡಿಕೆ, ಕಣ್ಣೀರು, ನಿದ್ರೆ ಮುಂತಾಗಿ ತಡೆಯಬಾರದ 13 ವೇಗಗಳನ್ನು ಅದು ಹೇಳುತ್ತದೆ, ಅವುಗಳಲ್ಲಿ ಅಧೋವಾಯುವೂ ಒಂದು. ಅದನ್ನು ಬಲವಂತವಾಗಿ ಹಿಡಿದರೆ ಹೊಟ್ಟೆಯುಬ್ಬರ, ನೋವು, ಆಯಾಸ, ಮಲಮೂತ್ರಗಳ ತಡೆ ಉಂಟಾಗುತ್ತವೆಂದು ಎಚ್ಚರಿಸುತ್ತದೆ. ಅದೇ ಅಧ್ಯಾಯ ಮುಂದುವರಿದು ತಡೆಯಲೇಬೇಕಾದ ವೇಗಗಳನ್ನೂ ಹೇಳುವುದು ಅಷ್ಟಾಗಿ ಯಾರ ಗಮನಕ್ಕೂ ಬಂದಿಲ್ಲ. ಲೋಭ, ಕ್ರೋಧ, ಅಸೂಯೆಗಳ ಜೊತೆಗೆ ನಿರ್ಲಜ್ಜತನವೂ ಆ ಪಟ್ಟಿಯಲ್ಲಿದೆ. ಮಾತಿನ ಬಗ್ಗೆ ಹೇಳುವಾಗ ಬಿರುನುಡಿ, ಅತಿಮಾತು, ಚಾಡಿ, ಸುಳ್ಳು, ಹೊತ್ತಲ್ಲದ ಹೊತ್ತಿನ ಮಾತು ಇವುಗಳ ವೇಗವನ್ನು ತಡೆಹಿಡಿಯಬೇಕೆನ್ನುತ್ತದೆ. ದಾಂಪತ್ಯದ ಈ ಸಣ್ಣ ಸಂಕಟಕ್ಕೆ ಬೇಕಾದ ಸಂಹಿತೆಯೆಲ್ಲ ಇಷ್ಟರಲ್ಲೇ ಅಡಗಿದೆ: ಗಾಳಿಯನ್ನು ಬಿಡಬಹುದು, ಆದರೆ ಬಿಟ್ಟ ಮೇಲೆ ಸುಳ್ಳು ಹೇಳಬಾರದು, ಪಕ್ಕದಲ್ಲಿದ್ದವರು ನಗಬಹುದು, ಆದರೆ ಬಿರುನುಡಿ ಆಡಬಾರದು.

ನಾಚಿಕೆ ಮತ್ತು ಆರೋಗ್ಯಗಳ ನಡುವಿನ ಈ ಜಗ್ಗಾಟ ಭಾರತಕ್ಕೆ ಮಾತ್ರ ಸೀಮಿತವಲ್ಲ. ಕ್ರಿಸ್ತಶಕ 41ರಿಂದ 54ರವರೆಗೆ ಆಳಿದ ರೋಮ್ ಸಾಮ್ರಾಟ ಕ್ಲಾಡಿಯಸ್, ಸಭ್ಯತೆಗಾಗಿ ತಡೆದುಕೊಂಡು ಪ್ರಾಣಕ್ಕೇ ಅಪಾಯ ತಂದುಕೊಂಡ ಒಬ್ಬನ ಸುದ್ದಿ ಕೇಳಿ, ಭೋಜನದ ಪಂಕ್ತಿಯಲ್ಲಿ ವಾಯು ಬಿಡಲು ಅನುಮತಿ ನೀಡುವ ಶಾಸನವೊಂದನ್ನು ಹೊರಡಿಸಲು ಯೋಚಿಸಿದ್ದನೆಂದು ಚರಿತ್ರಕಾರ ಸ್ವೆಟೋನಿಯಸ್ ದಾಖಲಿಸಿದ್ದಾನೆ. ಹಾಲೆಂಡಿನ ವಿದ್ವಾಂಸ ಎರಾಸ್ಮಸ್ 1530ರಲ್ಲಿ ಹುಡುಗರ ಶಿಷ್ಟಾಚಾರಕ್ಕೆಂದು ಬರೆದ ಕೈಪಿಡಿಯಲ್ಲಿ, ತಡೆಯುವುದು ಆರೋಗ್ಯಕ್ಕೆ ಹಾನಿಕರವಾದ್ದರಿಂದ ಸದ್ದನ್ನು ಕೆಮ್ಮಿನಿಂದ ಮರೆಸಬೇಕೆಂಬ ಸಲಹೆ ಕೊಟ್ಟ. ಎರಾಸ್ಮಸ್‌ನ ಹೆಸರನ್ನೇ ಕೇಳದ ಕನ್ನಡದ ಗೃಹಸ್ಥನೂ ಈ ವಿದ್ಯೆಯಲ್ಲಿ ಪಳಗಿದ್ದಾನೆ: ಅವನು ಸಕಾಲಕ್ಕೆ ಕೆಮ್ಮುತ್ತಾನೆ, ಕುರ್ಚಿಯನ್ನು ನೆಲದ ಮೇಲೆ ಕರಕರನೆ ಎಳೆಯುತ್ತಾನೆ, ಪತ್ರಿಕೆಯ ಹಾಳೆಯನ್ನು ಜೋರಾಗಿ ತಿರುವುತ್ತಾನೆ, ಒಂದು ಕಡೆಯ ತೊಡೆಯನ್ನು ತುಸುವೇ ಮೇಲೆತ್ತಿ ಗೋಡೆಯ ಕ್ಯಾಲೆಂಡರಿನಲ್ಲಿ ತುರ್ತಾಗಿ ಏನನ್ನೋ ನೋಡುತ್ತಾನೆ. ಅಡುಗೆಮನೆಯಿಂದ "ಏನ್ರೀ ಅದು?" ಎಂಬ ಪ್ರಶ್ನೆ ಬಂದರೆ "ಏನೂ ಇಲ್ವಲ್ಲೇ, ಮೇಲಿನ ಮನೆಯೋರು ಮಂಚ ಎಳೀತಿರಬೇಕು" ಎಂಬ ಉತ್ತರ ಹೋಗುತ್ತದೆ. ಮೇಲಿನ ಮನೆಯಲ್ಲಿ ಯಾರೂ ವಾಸವಿಲ್ಲದಿದ್ದರೂ ಈ ಉತ್ತರ ಬದಲಾಗುವುದಿಲ್ಲ. ಸದ್ದಿಲ್ಲದೆ ಬಂದ ಸಂದರ್ಭದಲ್ಲಿ ಆರೋಪವು ನಾಯಿಯ ಮೇಲೆ, ನಾಯಿ ಇಲ್ಲದ ಮನೆಗಳಲ್ಲಿ ಚರಂಡಿಯ ಮೇಲೆ, ಚರಂಡಿಯೂ ದೂರವಿದ್ದರೆ ಕೊನೆಗೆ ಪಾಪದ ಮಗುವಿನ ಮೇಲೆ ಬೀಳುತ್ತದೆ. ಮಕ್ಕಳು ಸುಳ್ಳನ್ನು ಕಲಿಯುವ ಮೊದಲ ಪಾಠಶಾಲೆಗಳಲ್ಲಿ ಇದೂ ಒಂದೆಂದು ಶಿಕ್ಷಣತಜ್ಞರು ಇನ್ನೂ ಗುರುತಿಸಬೇಕಾಗಿದೆ.

ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1956ರಲ್ಲಿ ಪ್ರಕಟವಾದ ತನ್ನ ಪ್ರಸಿದ್ಧ ಗ್ರಂಥದಲ್ಲಿ ಸಾಮಾಜಿಕ ಬದುಕನ್ನು ನಾಟಕವಾಗಿ ಕಂಡು, ಅದರಲ್ಲಿ ಪ್ರೇಕ್ಷಕರೆದುರಿನ ರಂಗಸ್ಥಳವೂ ವೇಷ ಕಳಚಿ ಕೂರುವ ನೇಪಥ್ಯವೂ ಬೇರೆಬೇರೆಯಾಗಿರುವುದನ್ನು ವಿವರಿಸಿದ. ಗುನುಗುವುದು, ಗೊಣಗುವುದು, ತೇಗುವುದು, ಹೂಸುವುದು ಇವೆಲ್ಲ ನೇಪಥ್ಯದ ನಡವಳಿಕೆಗಳೆಂದು ಅವನು ಸೇರಿಸಿದ್ದಾನೆ. ಈ ದೃಷ್ಟಿಯಿಂದ ನೋಡಿದರೆ ಮದುವೆಯೆಂಬುದು ಒಬ್ಬರ ನೇಪಥ್ಯದೊಳಕ್ಕೆ ಇನ್ನೊಬ್ಬರಿಗೆ ಪ್ರವೇಶ ದೊರೆಯುವ ಸಂಸ್ಕಾರ. ಹೆಣ್ಣು ನೋಡುವ ಶಾಸ್ತ್ರದ ದಿನ ಉಪ್ಪಿಟ್ಟು ಕೇಸರಿಬಾತುಗಳ ಮುಂದೆ ನೆಟ್ಟಗೆ ಕುಳಿತಿದ್ದ ಇಬ್ಬರೂ ಒಂದು ದಿನ ಪರಸ್ಪರರ ಎದುರು ಸಡಿಲವಾಗಲೇಬೇಕು. ಮೊದಲ ಸಲದ ಆ ಘಟನೆಯ ನಂತರ ನಗು ಬಂದರೆ ನೇಪಥ್ಯ ತೆರೆದುಕೊಳ್ಳುತ್ತದೆ, ಮೌನ ಬಂದರೆ ಇಬ್ಬರೂ ಇನ್ನಷ್ಟು ಕಾಲ ವೇಷದಲ್ಲೇ ಇರಬೇಕಾಗುತ್ತದೆ.

ಆದರೆ ಈ ನೇಪಥ್ಯ ಇಬ್ಬರಿಗೂ ಒಂದೇ ಹೊತ್ತಿಗೆ ತೆರೆಯುವುದಿಲ್ಲ ಎಂಬುದೇ ಇಲ್ಲಿ ನಿಜವಾಗಿ ಚರ್ಚಿಸಬೇಕಾದ ಸಂಗತಿ. ಗಂಡಸು ಹಜಾರದಲ್ಲಿ ಸಶಬ್ದವಾಗಿ ಬಿಟ್ಟರೆ ಅದು ತಮಾಷೆ, ಮನೆಯ ಯಜಮಾನನಾಗಿದ್ದರೆ ಅದು ಅವನ ಆರೋಗ್ಯದ ಲಕ್ಷಣ; ಸೊಸೆಯಾಗಿ ಬಂದವಳು ಅತ್ತೆ, ಮಾವ, ಮೈದುನರ ನಡುವೆ ಹಗಲೆಲ್ಲ ಹೊಟ್ಟೆ ಬಿಗಿಹಿಡಿದು, ಹಳೆಯ ಮನೆಯಾದರೆ ಹಿತ್ತಿಲಿನ ನೆಪ ಮಾಡಿ, ಈಗಿನ ಎರಡು ಕೋಣೆಯ ಮನೆಯಾದರೆ ಬಚ್ಚಲಿನ ನಲ್ಲಿಯನ್ನು ಜೋರಾಗಿ ತಿರುಗಿಸಿ ತನ್ನ ಭಾರವನ್ನು ಇಳಿಸಿಕೊಳ್ಳಬೇಕು. ಚರಕನ ಎಚ್ಚರಿಕೆ ಯಾರಿಗೆ ಹೆಚ್ಚು ಅನ್ವಯಿಸುತ್ತದೆಂಬುದು ಇದರಿಂದ ತಿಳಿಯುತ್ತದೆ. ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಜಗತ್ತಿನ ಅತ್ಯಂತ ಹಳೆಯ ನಗೆಮಾತೆಂದು ಗುರುತಿಸಿದ್ದು ಸುಮಾರು ಕ್ರಿಸ್ತಪೂರ್ವ 1900ರ ಸುಮೇರಿಯನ್ ಉಕ್ತಿಯೊಂದನ್ನು. ಗಂಡನ ತೊಡೆಯ ಮೇಲೆ ಕುಳಿತ ಎಳೆಯ ಹೆಂಡತಿ ಹೂಸದೆ ಇದ್ದದ್ದು ಲೋಕದಲ್ಲಿ ಎಂದೂ ನಡೆದಿಲ್ಲ ಎಂಬುದು ಅದರ ಭಾವ. ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಬಹಿರಂಗವಾಗಿದ್ದ ಸತ್ಯವನ್ನು ಈಗಲೂ ಅನೇಕ ಮನೆಗಳಲ್ಲಿ ಹೆಂಡತಿ ಗುಟ್ಟಾಗಿಟ್ಟುಕೊಂಡಿರಬೇಕಾಗಿದೆ. ಗಂಡನದಕ್ಕೆ ನಗುವ ಮನೆ ಹೆಂಡತಿಯದಕ್ಕೂ ಅಷ್ಟೇ ಹಗುರವಾಗಿ ನಗಬಲ್ಲುದಾದರೆ ಅಲ್ಲಿ ಹಾಸ್ಯವಿದೆಯೆನ್ನಬಹುದು. ಅವಳದಕ್ಕೆ ಮುಖ ಗಂಟುಹಾಕಿಕೊಳ್ಳುವ ಮನೆಯಲ್ಲಿ ಇರುವುದು ಹಾಸ್ಯವಲ್ಲ, ಬರೀ ಯಜಮಾನಿಕೆ.

ಹಾಸ್ಯದ ಮೇಲುಕೀಳುಗಳನ್ನು ಅಳೆಯಲು ಭರತನ ನಾಟ್ಯಶಾಸ್ತ್ರದಲ್ಲಿ ಒಳ್ಳೆಯ ಅಳತೆಗೋಲಿದೆ. ಹಲ್ಲು ಕಾಣದ ಮುಗುಳ್ನಗೆ ಸ್ಮಿತ, ಹಲ್ಲು ತುಸು ಕಂಡರೆ ಹಸಿತ, ಇವೆರಡು ಉತ್ತಮರವು. ಮೆಲುದನಿಯ ನಗು ವಿಹಸಿತ, ಮೂಗಿನ ಹೊಳ್ಳೆ ಅರಳಿಸಿ ತಲೆ ಭುಜಗಳನ್ನು ಕುಗ್ಗಿಸಿ ನಗುವುದು ಉಪಹಸಿತ, ಇವು ಮಧ್ಯಮರವು. ಹೊತ್ತಲ್ಲದ ಹೊತ್ತಿನಲ್ಲಿ ಕಣ್ಣೀರು ಬರುವಂತೆ ನಗುವುದು ಅಪಹಸಿತ, ಪಕ್ಕೆ ಹಿಡಿದುಕೊಂಡು ಅಬ್ಬರಿಸುವುದು ಅತಿಹಸಿತ, ಇವು ಅಧಮರವು. ಮಲಗುವ ಕೋಣೆಯ ಸಂದರ್ಭಕ್ಕೆ ಹೊಳ್ಳೆ ಅರಳಿಸುವ ಉಪಹಸಿತವಂತೂ ಆರೋಗ್ಯದೃಷ್ಟಿಯಿಂದಲೇ ಸಲ್ಲದು. ಭರತನು ತಾನೇ ನಗುವುದನ್ನು ಆತ್ಮಸ್ಥವೆಂದೂ ಇನ್ನೊಬ್ಬರನ್ನು ನಗಿಸುವುದನ್ನು ಪರಸ್ಥವೆಂದೂ ವಿಂಗಡಿಸಿರುವುದು ಇನ್ನೂ ಹೆಚ್ಚು ಉಪಯುಕ್ತ: ಬಿಟ್ಟವರು ಮೊದಲು ತಾವೇ ನಕ್ಕು, ಆ ನಗುವಿನಿಂದ ಪಕ್ಕದವರನ್ನೂ ನಗಿಸಿದರೆ ಎರಡೂ ಒಟ್ಟಿಗೆ ಸಿದ್ಧಿಸಿ ಪ್ರಸಂಗ ಅಲ್ಲಿಗೇ ಮುಗಿಯುತ್ತದೆ. ಪಕ್ಕದವರು ಮೊದಲು ನಕ್ಕು ಬಿಟ್ಟವರು ಸುಮ್ಮನಿದ್ದರೆ ಅದೇ ನಗು ಅಪಹಾಸ್ಯವಾಗಿ ತಿರುಗುವುದಕ್ಕೆ ಬಹಳ ಹೊತ್ತು ಬೇಕಾಗಿಲ್ಲ.

ಕನ್ನಡ ಸಾಹಿತ್ಯದಲ್ಲಿ ಗಂಡಹೆಂಡಿರ ಸರಸಕ್ಕೆ ಮುದ್ದಣ ಮನೋರಮೆಯರಂಥ ಮೇಲ್ಪಂಕ್ತಿಯಿದೆ. ಅಲ್ಲಿ ಕಥೆ ಕೇಳುವ ಮನೋರಮೆಗೆ ಅದನ್ನು ಹೇಳುವ ಗಂಡನ ಪಾಂಡಿತ್ಯವನ್ನು ಕೆಣಕುವ ಪೂರ್ಣ ಸ್ವಾತಂತ್ರ್ಯವಿದೆ, ಅವಳ ಕೊಂಕಿನಿಂದಲೇ ಕಥೆಗೆ ಕಳೆ ಬರುತ್ತದೆ. ವೃತ್ತಿಯಿಂದ ವೈದ್ಯರಾಗಿದ್ದ ರಾಶಿಯವರು 1942ರಲ್ಲಿ 'ಕೊರವಂಜಿ' ಹಾಸ್ಯಮಾಸಿಕವನ್ನು ಆರಂಭಿಸಿದ್ದನ್ನು ನೆನೆದರೆ, ರೋಗವನ್ನೂ ನಗೆಯನ್ನೂ ಒಂದೇ ಕೈಯಲ್ಲಿ ನೋಡಿಕೊಳ್ಳುವುದು ಕನ್ನಡಕ್ಕೆ ಹೊಸದಲ್ಲವೆಂದೂ ತಿಳಿಯುತ್ತದೆ. ಸಾಮಾನ್ಯರ ಮನೆಗಳಲ್ಲಿ ಈ ಸರಸ ತನ್ನದೇ ಪರಿಭಾಷೆಯನ್ನು ಕಟ್ಟಿಕೊಳ್ಳುತ್ತದೆ: ಒಂದು ಮನೆಯಲ್ಲಿ ಅದು ಶಂಖನಾದ, ಇನ್ನೊಂದರಲ್ಲಿ ಹವಾಮಾನ ವರದಿ, ಮತ್ತೊಂದರಲ್ಲಿ ಏಳು ಗಂಟೆಯ ಬಸ್ಸು. "ಕರಾವಳಿಯಲ್ಲಿ ಗುಡುಗುಸಹಿತ ಮಳೆ ಸಾಧ್ಯತೆ" ಎಂದು ಹೆಂಡತಿ ಹೇಳಿದರೆ, "ಒಳನಾಡಿನಲ್ಲಿ ಒಣಹವೆ ಮುಂದುವರಿಯಲಿದೆ, ಗಾಬರಿ ಬೇಡ" ಎಂದು ಗಂಡ ಉತ್ತರಿಸುತ್ತಾನೆ; ನೆಂಟರ ಮುಂದೆಯೂ ಈ ಮಾತನ್ನು ಆಡಬಹುದಾದ್ದರಿಂದ ಅಂಥ ಗುಪ್ತಭಾಷೆ ಬೇಗ ಬೇರೂರುತ್ತದೆ. ನೆಂಟರ ಮುಂದೆ ಗುಪ್ತಭಾಷೆ ಆಡುವುದು ಬೇರೆ, ನೆಂಟರಿಗೆ ಸಂಗಾತಿಯ ಹೊಟ್ಟೆಯ ಕಥೆಯನ್ನು ಬಿಡಿಸಿ ಹೇಳಿ ನಗಿಸುವುದು ಬೇರೆ. ಎರಡನೆಯದು ಚರಕನು ತಡೆಯಬೇಕೆಂದ ಚಾಡಿಯ ವರ್ಗಕ್ಕೆ ಸೇರುತ್ತದೆ. ರಗ್ಗನ್ನು ಸಂಗಾತಿಯ ತಲೆಯ ಮೇಲೆ ಎಳೆದು ಹಿಡಿಯುವ ಚೇಷ್ಟೆಯನ್ನು ಕೆಲವರು ವಿನೋದವೆಂದು ಭಾವಿಸಿರುವುದುಂಟು; ಅದನ್ನು ಅನುಭವಿಸಿದವರು ಯಾರೂ ಅದನ್ನು ಹಾಗೆ ಕರೆದಿಲ್ಲ, ಅದು ನಿರ್ಲಜ್ಜತನದ ಪಟ್ಟಿಗೆ ಸೇರಬೇಕಾದದ್ದು.

ನಗೆಯ ಜೊತೆಗೆ ಒಂದೆರಡು ವ್ಯವಸ್ಥೆಗಳೂ ಬೇಕು. ಊಟಕ್ಕೂ ನಿದ್ರೆಗೂ ನಡುವೆ ಎರಡು ಗಂಟೆಯ ಬಿಡುವಿಟ್ಟು, ಆ ನಡುವೆ ಬೀದಿಯ ಕೊನೆಯವರೆಗೆ ಇಬ್ಬರೂ ಒಂದು ಸುತ್ತು ನಡೆದು ಬಂದರೆ ಗಾಳಿಯ ದೊಡ್ಡ ಪಾಲು ಬಯಲಿಗೇ ಸಲ್ಲುತ್ತದೆ. ಕಿಟಕಿಯ ಒಂದು ಬಾಗಿಲನ್ನಾದರೂ ತೆರೆದಿಡುವುದು, ಎಸಿ ಇರುವ ಕೋಣೆಯಲ್ಲಿ ಮಲಗುವ ಮುನ್ನ ಸ್ವಲ್ಪ ಹೊತ್ತು ಫ್ಯಾನು ಹಾಕಿ ಬಾಗಿಲು ತೆರೆಯುವುದು ಕಷ್ಟದ ಕೆಲಸವಲ್ಲ. ಗಂಧಕದ ಅನಿಲಗಳನ್ನು ಹೀರಿಕೊಳ್ಳುವ ಇದ್ದಿಲಿನ ಪದರವುಳ್ಳ ಒಳಉಡುಪುಗಳೂ ವಿದೇಶಗಳಲ್ಲಿ ಮಾರಾಟಕ್ಕಿವೆ, ಪರೀಕ್ಷೆಯಲ್ಲಿ ಅವು ಚೆನ್ನಾಗಿಯೇ ಕೆಲಸ ಮಾಡಿವೆ. ಆದರೆ ಹುಟ್ಟುಹಬ್ಬದ ಉಡುಗೊರೆಯಾಗಿ ಅವನ್ನು ಕೊಡುವವರು ಸಂಗಾತಿಯ ಹಾಸ್ಯಪ್ರಜ್ಞೆಯನ್ನು ಮೊದಲೇ ಅಂದಾಜು ಮಾಡಿಕೊಂಡಿರಬೇಕು.

ನಗು ನಿಲ್ಲಬೇಕಾದ ಎಡೆಯೂ ಒಂದಿದೆ. ಲೆವಿಟ್ ಅವರು 1976ರಲ್ಲಿ ವರದಿ ಮಾಡಿದ 28 ವರ್ಷದ ರೋಗಿಯೊಬ್ಬ ದಿನಕ್ಕೆ ಸರಾಸರಿ 34 ಸಲ ವಾಯು ಬಿಡುತ್ತಿದ್ದುದನ್ನು ತಾನೇ ಲೆಕ್ಕವಿಟ್ಟು ಬರೆದುಕೊಂಡಿದ್ದ. ಆ ಲೆಕ್ಕದ ನೆರವಿನಿಂದ ಆಹಾರಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ ಮುಖ್ಯ ಕಾರಣ ಹಾಲೆಂದು ಗೊತ್ತಾಯಿತು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಜೀರ್ಣಿಸುವ ಶಕ್ತಿ ವಯಸ್ಸಾದಂತೆ ಕುಗ್ಗುವುದು ದಕ್ಷಿಣ ಭಾರತದವರಲ್ಲಿಯೂ ಸಾಮಾನ್ಯವಾದ್ದರಿಂದ, ದಿನಕ್ಕೆ ನಾಲ್ಕು ಲೋಟ ಕಾಫಿ ಕುಡಿಯುವವರು ಅವರೆಯನ್ನು ಮಾತ್ರ ದೂರುವುದು ಸರಿಯಲ್ಲ. ಹೀಗೆ ಎರಡು ವಾರ ತಿಂದದ್ದನ್ನೂ ಆದದ್ದನ್ನೂ ಬರೆದಿಡುವುದು ಯಾವ ಮನೆಯಲ್ಲಿಯೂ ಸಾಧ್ಯ, ಮತ್ತು ಲೆಕ್ಕ ಬರೆಯುವ ಕೆಲಸವನ್ನು ಸಂಗಾತಿ ವಹಿಸಿಕೊಂಡರೆ ಅದು ಹೆಚ್ಚು ಪ್ರಾಮಾಣಿಕವಾಗಿರುತ್ತದೆ. ಆದರೆ ಇದ್ದಕ್ಕಿದ್ದಂತೆ ಅಭ್ಯಾಸ ಬದಲಾದರೆ, ಹೊಟ್ಟೆಯುಬ್ಬರ ಇಳಿಯದೆ ಉಳಿದರೆ, ಜೊತೆಗೆ ತೂಕ ಇಳಿಯುವುದು, ಮಲದಲ್ಲಿ ರಕ್ತ, ನಿದ್ರೆಯಿಂದ ಎಬ್ಬಿಸುವ ಭೇದಿ, ಬಿಡದ ನೋವು ಕಂಡುಬಂದರೆ ಅದು ಓಮದ ನೀರಿಗೂ ನಗೆಗೂ ಬಗ್ಗುವ ವಿಷಯವಲ್ಲ. ಅಂಥ ಹೊತ್ತಿನಲ್ಲಿ ವೈದ್ಯರ ಮುಂದೆ ನಾಚಿಕೆಯಿಂದ "ಸ್ವಲ್ಪ ಹೊಟ್ಟೆ ಸರಿಯಿಲ್ಲ" ಎಂದಷ್ಟೇ ಹೇಳಿ ಎದ್ದು ಬರುವ ರೋಗಿಯ ಪಕ್ಕದ ಕುರ್ಚಿಯಲ್ಲಿ ಕುಳಿತ ಗಂಡನೋ ಹೆಂಡತಿಯೋ ಇಷ್ಟು ದಿನ ಕಂಡದ್ದನ್ನೂ ಕೇಳಿದ್ದನ್ನೂ ವೈದ್ಯರಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕು.